ಕಿಟಕಿಯ ಹಾಳೆ, ಅತ್ತೆಯ ಮೊಣಕಾಲು

ನನ್ನ ಪಿಎಚ್‌ಡಿ ಪ್ರಬಂಧ ಮುಗಿಯದಿರಲು ನನ್ನ ಹೆಂಡತಿ ಮೌನೇಶ್ವರಿಯೇ ಕಾರಣ. ಮೌನ ಹೆಸರಿನಲ್ಲಿ ಮಾತ್ರ. ದೇವದುರ್ಗದ ತಂಗಿ ವಿಶಾಖಾಳಿಗೆ ಸಂಜೆ ಫೋನು ಹಚ್ಚಿದಳೆಂದರೆ ಕುಕ್ಕರು ತಣ್ಣಗಾದರೂ ಮಾತು ತಣ್ಣಗಾಗುವುದಿಲ್ಲ. ರಾಯಚೂರಿನ ನಮ್ಮ ಬಾಡಿಗೆ ಮನೆಯದು ದಪ್ಪ ಕಲ್ಲಿನ ಗೋಡೆ; ನಾನು ಬರೆಯುವ ಕೋಣೆಯ ಎರಡು ಕಿಟಕಿಗಳ ಹತ್ತಿರವಷ್ಟೇ ಸಿಗ್ನಲ್ಲು. ಹೀಗಾಗಿ ವಿಶಾಖಾಳ ಅತ್ತೆ ಸಾರಿಗೆ ಉಪ್ಪು ಸುರಿದದ್ದು ಕೂಡ ನನ್ನ ನಾಲ್ಕನೆಯ ಅಧ್ಯಾಯಕ್ಕೆ ಸೇರಿಬಿಡುವ ಅಪಾಯವಿತ್ತು.

ದಾರಿ ತೋರಿಸಿದ್ದೂ ಆ ಪ್ರಬಂಧವೇ. ನಾನು ಭೌತಶಾಸ್ತ್ರದ ಉಪನ್ಯಾಸಕ. ನನ್ನ ಸಂಶೋಧನೆ ಒಂದು ಬಗೆಯ ಪಾರದರ್ಶಕ ಹಾಳೆಯ ಮೇಲೆ: ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿಗೆ ಕಾಣದ ಬೆಳ್ಳಿ ಎಳೆಗಳ ಬಲೆ. ಬೆಳಕನ್ನು ಒಳಗೆ ಬಿಡುತ್ತದೆ, ಬಟ್ಟೆಯಂತೆ ಬಾಗುತ್ತದೆ, ಫೋನಿನ ತರಂಗಗಳನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸುತ್ತದೆ. ಕರೆಂಟು ಕೊಟ್ಟರೆ ಬಿಸಿಯೂ ಆಗುತ್ತದೆ. (ಬೆಳ್ಳಿಯ ಸುದ್ದಿಯನ್ನು ಮನೆಯಲ್ಲಿ ಎತ್ತಿರಲಿಲ್ಲ. ಎತ್ತಿದ್ದರೆ ಅದು ಕಾಲುಂಗುರವಾಗುತ್ತಿತ್ತು.)

ಎರಡೂ ಕಿಟಕಿಗೆ ಅಂಟಿಸಿದೆ.

"ಏನ್ರೀ ಅದು?"

"ಧೂಳು ಬರಬಾರದಂತ ಹಚ್ಚಾಕತ್ತೀನಿ."

"ಒಮ್ಮಿಯಾದ್ರೂ ಮನಿ ಕೆಲಸ ನೆನಪಾತಲ್ಲ," ಎಂದು ಚಹಾ ಕೊಟ್ಟಳು.

ಅಂದಿನಿಂದ ಫೋನು ಹತ್ತಲಿಲ್ಲ. "ಬೀದ್ಯಾಗ ನಿಂತು ಮನಿ ಸುದ್ದಿ ಮಾತಾಡಾಕ ನಾನೇನು ಡಂಗುರ ಸಾರಾಕಿಯಾ?" ಎಂದು ಫೋನ್ ಕಂಪನಿಯವರನ್ನು ಬೈದು ಸುಮ್ಮನಾದಳು. ನಾನು ಬರೆದೇ ಬರೆದೆ. ವಿಜ್ಞಾನವು ಗೃಹಸ್ಥಾಶ್ರಮವನ್ನು ಜಯಿಸಿತೆಂದು ಎದೆಯುಬ್ಬಿಸಿ ಓಡಾಡಿದೆ.

ಭಾನುವಾರ ಬಾಗಿಲು ತೆಗೆದರೆ ವಿಶಾಖಾ, ದಪ್ಪ ದಪ್ಪ ಬ್ಯಾಗು, ಜೊತೆಗೆ ಅರಕೇರಾದಿಂದ ನನ್ನ ಅತ್ತೆ ಮಾನಮ್ಮ.

"ಫೋನ್ ಹತ್ತವಲ್ದು ಮಾವಾ. ಅಕ್ಕಗ ಏನಾತೋ ಅಂತ ಯವ್ವಗ ನಿದ್ದಿನೇ ಇಲ್ಲ," ಎಂದಳು ವಿಶಾಖಾ.

ಅತ್ತೆ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣೀರು ತೆಗೆದರು. ನನಗೆ ಕಸಿವಿಸಿಯಾಯಿತು. ಬೆಳಗಿನ ಚಳಿಯಲ್ಲಿ ಬಸ್ಸಿನಲ್ಲಿ ಕೂತು ಅವರ ಮೊಣಕಾಲು ಬೇರೆ ಹಿಡಿದಿತ್ತು. ಇದಕ್ಕೂ ನನ್ನ ಬಳಿ ವಿದ್ಯೆಯಿದೆಯಲ್ಲ. ಒಂದು ಕಿಟಕಿಯ ಹಾಳೆ ಬಿಚ್ಚಿ, ಸೀರೆಯ ಮೇಲೆ ಮೊಣಕಾಲಿಗೆ ಸುತ್ತಿ, ಸಣ್ಣ ಬ್ಯಾಟರಿ ಜೋಡಿಸಿದೆ.

"ಹಾಯ್ ಅನಸ್ತದ. ನಮ್ಮ ಅಳಿಯ ಭಾಳ ಶ್ಯಾಣ್ಯಾ," ಎಂದು ಅತ್ತೆ ಕಣ್ಣು ಮುಚ್ಚಿದರು. ನಾನು ಬೀಗಿದೆ.

ಅಷ್ಟರಲ್ಲಿ ಮೌನೇಶ್ವರಿಯ ಫೋನು ಟಿಣ್ ಟಿಣ್ ಎಂದಿತು. ವಾರದಿಂದ ಹೊರಗೆ ನಿಂತಿದ್ದ ಸಂದೇಶಗಳೆಲ್ಲ ಒಟ್ಟಿಗೆ ಒಳನುಗ್ಗಿದವು. ಅವಳು ಬರಿದಾದ ಕಿಟಕಿಯನ್ನು ನೋಡಿದಳು, ಹಾಳೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಧೂಳಿನ ಹಾಳಿ ಅಂದ್ರಿ?"

ನಾನು ಬ್ಯಾಟರಿಯ ವೈರನ್ನು ಪರೀಕ್ಷಿಸತೊಡಗಿದೆ.

"ಇನ್ನ ಇದು ಯವ್ವನ ಕಾಲಾಗ ಇರ್ಲಿ. ಯವ್ವನೂ ಇಲ್ಲೇ ಇರ್ಲಿ," ಎಂದು ಆಕೆ ನನ್ನ ಪುಸ್ತಕಗಳನ್ನು ಮಂಚದಿಂದ ಎತ್ತಿ ಅಡುಗೆಮನೆಯ ಮೂಲೆಗೆ ಒಯ್ದಳು.

ಅತ್ತೆ ಮಗಳ ಫೋನು ಕೇಳಿ ಇಸಿದುಕೊಂಡು, ಅರಕೇರಾದ ನೆರೆಮನೆಯ ಗೆಳತಿಗೆ ಹಚ್ಚಿದರು.

"ಗುಲ್ಶನ್ ಬೇಗಂ, ಕಾಲು ಎಳೀತಾವ ಅಂತಿದ್ದೆಲ್ಲ, ನಾಳಿ ಮುಂಜಾನಿ ಬಸ್ಸಿಗೆ ಬಾರವ್ವ. ನಮ್ಮ ಅಳಿಯನ ಮನ್ಯಾಗ ಇನ್ನೊಂದು ಕಿಟಕಿ ಅದ."