ಒಂದು ಎನ್ನದ ಕಂಪ್ಯೂಟರ್

ಅಕ್ಕಿಆಲೂರಿನಲ್ಲಿ ರೈಸ್ ಮಿಲ್ಲು ನಡೆಸುವ ನಮ್ಮ ಸೋದರಮಾವನಿಗೆ ಹಾವು, ಹುಲಿ, ತೆರಿಗೆ ಅಧಿಕಾರಿ, ಯಾರ ಭಯವೂ ಇಲ್ಲ. ‘ಅಪ್‌ಡೇಟ್’ ಎಂದರೆ ಮಾತ್ರ ಎರಡೂ ಕೈ ಅಗಲಿಸಿ ತಮ್ಮ ಕಂಪ್ಯೂಟರಿಗೆ ಅಡ್ಡ ನಿಲ್ಲುತ್ತಾರೆ! ಆ ಕಂಪ್ಯೂಟರಾದರೂ ಎಂಥದ್ದು? ಬಟನ್ ಒತ್ತಿ, ಚಹಾ ಕುಡಿದು, ಸವಣೂರಿನ ವೀಳ್ಯದೆಲೆ ಹಾಕಿಕೊಂಡು ಬಂದರೆ ಆಗತಾನೇ ಕಣ್ಣು ಬಿಡುತ್ತಿರುತ್ತದೆ. ಬೇಸಿಗೆಯಲ್ಲಿ ಮಿಲ್ಲಿಗೆ ಇರುವ ಒಂದೇ ಫ್ಯಾನೂ ಅದರ ಕಡೆಗೇ. ಗಿರಾಕಿಗಳು ಟವೆಲ್ಲು ಬೀಸಿಕೊಳ್ಳಬೇಕು!

ಅದರೊಳಗಿನ ಪ್ರೋಗ್ರಾಂ ಬರೆದವರು ತೀರಿಹೋದ ನಮ್ಮ ಅತ್ತೆ, ಅಂದರೆ ಮಾಮಾನ ಹೆಂಡತಿ. ಹಾನಗಲ್ಲಿಗೆ ಬಸ್ಸಿನಲ್ಲಿ ಓಡಾಡಿ ಕಲಿತು, ಮಿಲ್ಲಿನ ಆವಕ, ತೂಕ, ಬಿಲ್ಲು ಎಲ್ಲವನ್ನೂ ತಾವೇ ಹೊಂದಿಸಿದ್ದರು. ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯದಕ್ಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಅತ್ತೆಯ ಪ್ರೋಗ್ರಾಮೂ ಹಾಗೆಯೇ ಚೀಲ ಎಣಿಸುತ್ತಿತ್ತು. ಕಂಪ್ಯೂಟರಿನ ಮುಂದಿನಿಂದ ಅತ್ತೆ “ಲಾಭ!” ಎನ್ನುವರು, ತೂಕದ ಕಾಟಾದ ಬಳಿಯಿಂದ ಮಾಮಾ “ಎರಡು!” ಎನ್ನುವರು, ಅತ್ತೆ “ಮೂರು!” ಎನ್ನುವರು. ಇದನ್ನು ಬಿಟ್ಟು ಗಂಡ ಹೆಂಡತಿ ಬೇರೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ!

ಹೊಸ ಸಾಫ್ಟ್‌ವೇರ್ ಮಾರಲು ಹುಬ್ಬಳ್ಳಿಯಿಂದ ಬಂದವನೊಬ್ಬ ಆ ಕಂಪ್ಯೂಟರ್ ನೋಡಿ ಬೆಚ್ಚಿಬಿದ್ದ.

“ಯಜಮಾನ್ರ, ಈ ಆಪರೇಟಿಂಗ್ ಸಿಸ್ಟಮ್ಮಿಗೆ ಸಪೋರ್ಟ್ ನಿಂತು ಎಷ್ಟೋ ವರ್ಷ ಆತ್ರಿ!”

“ನನಗೂ ಸಪೋರ್ಟ್ ನಿಂತು ವರ್ಷಗಟ್ಲೆ ಆತು. ನಾ ಮಿಲ್ಲಿಗೆ ಬರೂದು ಬಿಟ್ಟೇನೇನು? ಚಹಾ ಕುಡೀರಿ!”

ಈ ಸುಗ್ಗಿಯಲ್ಲಿ ಮಾಮಾ ಫೋನು ಮಾಡಿದರು. “ಲಗೂನ ಬಾ ಯವ್ವಾ, ಉಸಿರು ಹಿಡದೈತಿ!” ನಾನು ಹಾನಗಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಪಾಠ ಅಲ್ಲಿಗೇ ಬಿಟ್ಟು, ಅಳುತ್ತ ಬಸ್ಸು ಹತ್ತಿ ಹೋದರೆ ಮಾಮಾ ಗುಂಡುಕಲ್ಲಿನಂತೆ ಕುಳಿತಿದ್ದಾರೆ. ಉಸಿರು ಹಿಡಿದದ್ದು ಕಂಪ್ಯೂಟರಿಗೆ!

ಹೇಗೋ ಮತ್ತೆ ಎಬ್ಬಿಸಿದೆನಾದರೂ ಅದು ಹೆಚ್ಚು ದಿನ ಬಾಳುವಂತಿರಲಿಲ್ಲ. ಹೊಸದು ತರಿಸಿದೆವು. ಅದರಲ್ಲಿ ಅತ್ತೆಯ ಪ್ರೋಗ್ರಾಂ ಏಳಲೇ ಇಲ್ಲ. ಪುಣ್ಯಕ್ಕೆ ಅವರು ಬರೆದ ಮೂಲ ಕೋಡ್ ಹಾಗೇ ಉಳಿದಿತ್ತು.

“ಇದನ್ನ ಹೊಸ ಕಂಪೈಲರಿಗೆ ಹಾಕಬೇಕ್ರಿ ಮಾಮಾ. ನಾವು ಬರದದ್ದನ್ನ ಅದು ಯಂತ್ರಕ್ಕ ತಿಳಿಯೂ ಹಂಗ ಮಾಡಿಕೊಡತೈತಿ.”

“ಭತ್ತ ಹಾಕಿದ್ರ ಅಕ್ಕಿ ಬರತೈತಿ ಅನ್ನು. ಇಷ್ಟ ಹೇಳಾಕ ಕಾಲೇಜು ಯಾಕ ಬೇಕು?”

ಹೊಸ ಗಿರಣಿಗೆ ಹಳೆಯ ಭತ್ತ ಒಗ್ಗಲಿಲ್ಲ. ಸಾಲಿಗೊಂದು ತಕರಾರು! ಎಲ್ಲ ತಿದ್ದಿದ ಮೇಲೂ ಒಂದು ಉಳಿಯಿತು. ಅಂಕಿ ಇರಬೇಕಾದ ಜಾಗದಲ್ಲಿ ಅಕ್ಷರ ಹೇಗೆ ಬಂತು? ಅದು ಅತ್ತೆಯ ‘ಲಾಭ’. ಸಾಕಾಗಿ ಹೋಗಿ ಅಲ್ಲಿ ‘ಒಂದು’ ಎಂದು ಹಾಕಿದೆ. ತಕ್ಷಣ ಓಡಿತು! ಗೆದ್ದವಳ ಠೀವಿಯಿಂದ ಪರದೆ ತಿರುಗಿಸಿದೆ.

“ಲಾಭ ಎಲ್ಲಿ?” ಎಂದರು ಮಾಮಾ.

“ಕಂಪೈಲರ್ ಒಪ್ಪವಲ್ಲದ್ರಿ. ಲೆಕ್ಕ ಅಂತೂ ಅದ ಐತಿ.”

“ನಿಮ್ಮ ಅತ್ತಿ ‘ಒಂದು’ ಅಂತ ಯಾವತ್ತರ ಅಂದಾಳೇನು? ಇದು ಬ್ಯಾರೆ ಯಾರದೋ ಐತವಾ. ಬಂದ್ ಆಗೂತನ ಹಳೇದ ನಡೀಲಿ.”

ಬೈದಿದ್ದರೆ ಚೆನ್ನಾಗಿತ್ತು. ಆ ಮೆತ್ತಗಿನ ದನಿ ತಡೆಯಲಾಗದೆ ಮತ್ತೆ ಕುಳಿತೆ. ಯಂತ್ರದ ಲೆಕ್ಕಕ್ಕೆ ಅಂಕಿ ಬೇರೆ, ಪರದೆಗೆ ಹೆಸರು ಬೇರೆ ಎಂದು ಮಾಡಿ, ಕಂಪೈಲರನ್ನು ಅಂತೂ ಒಪ್ಪಿಸಿದೆ.

ಮಾಮಾ ತಾವೇ ಒಂದು ಚೀಲ ಎತ್ತಿ ಕಾಟಾದ ಮೇಲಿಟ್ಟರು. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ‘ಲಾಭ’ ಎಂದು ಬಂತು. ಎರಡನೆಯ ಚೀಲ ಇರಲೇ ಇಲ್ಲ. ಆದರೂ ಮಾಮಾ ಇಡೀ ಮಿಲ್ಲಿಗೆ ಕೇಳುವಂತೆ ಕೂಗಿದರು.

“ಎರಡು!”

ಕೂಗಿ, ಕಂಪ್ಯೂಟರಿನ ಕಡೆಗೆ ಕಿವಿಗೊಟ್ಟು ನಿಂತರು. ಮುಂದಿನದು ನನಗೆ ಗೊತ್ತಿತ್ತು. ಆದರೆ ಅದು ಅತ್ತೆ ಹೇಳಬೇಕಾದದ್ದು.