ಅಮರಗುಂಡಪ್ಪನ ಇಸ್ತೀಫಾ

ಲಿಂಗಸುಗೂರಿನ ಕರಿಬಸಯ್ಯನ ಚಹಾದಂಗಡಿಯಲ್ಲಿ ಕೂತು ಬಿಲಾಯತಿಯ ದೊಡ್ಡ ವಜೀರ, ಅಂದರೆ ಇಂಗ್ಲೆಂಡಿನ ಪ್ರಧಾನಿ, ಕುರ್ಚಿ ಬಿಟ್ಟು ಇಸ್ತೀಫಾ ಕೊಡಬೇಕೆಂದು ಹಟ ಹಿಡಿಯದೆ ಇದ್ದಿದ್ದರೆ, ಅಮರಗುಂಡಪ್ಪನ ಆ ದಿನ ಸುಸೂತ್ರವಾಗಿ ಕಳೆಯುತ್ತಿತ್ತು. ಆದರೆ ಪೇಪರು ಕೈಗೆ ಬಂದ ಮೇಲೆ ಸುಮ್ಮನಿರುವ ಆಸಾಮಿಯೇ ಅವನು?

ಐವತ್ತಾರನೇ ಇಸವಿಯ ನವೆಂಬರು. ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ಊರಿನವರಿಗೆ ಅದನ್ನೇ ಪೂರ್ತಿ ನಂಬಲು ಪುರಸೊತ್ತಾಗಿರಲಿಲ್ಲ, ಅಷ್ಟರಲ್ಲಿ ಸೂಯೆಜ್ ಕಾಲುವೆಯ ಲಡಾಯಿ ಬಂತು. ಬಿಲಾಯತಿಯ ವಿಮಾನಗಳು ಈಜಿಪ್ಟಿನ ಮೇಲೆ ಬಾಂಬು ಹಾಕಿದ ಸುದ್ದಿಯನ್ನು ಅಮರಗುಂಡಪ್ಪ ಅಂಗಡಿಯ ಮುಂದಿನ ಮರದ ಬಾಕಿನ ಮೇಲೆ ಕೂತು ಗಟ್ಟಿಯಾಗಿ ಓದಿ, ಪೇಪರನ್ನು ತೊಡೆಗೆ ಬಡಿದ.

"ಕಾಲುವಿ ಯಾರ ನೆಲದಾಗ ಐತೋ ಅವರದು. ನಾಳೆ ನಮ್ಮ ತುಂಗಭದ್ರಾ ಕಾಲುವಿಗೆ ಯಾವನಾರ ಬಂದು ಬಾಂಬ್ ಹಾಕಿದ್ರ ಸಿಂಧನೂರಿನವ್ರು ಸುಮ್ನಿರ್ತಾರೇನು? ಆ ವಜೀರ ಇಸ್ತೀಫಾ ಕೊಡಬೇಕು!"

ಕರಿಬಸಯ್ಯ ಚಹಾ ಸೋಸುತ್ತಲೇ ಹೇಳಿದ: "ಲಡಾಯಿ ನಡುವ ಕುರ್ಚಿ ಬಿಟ್ರ ರಾಜ್ಯ ನೋಡೋರು ಯಾರಪ್ಪಾ? ನಡು ಹೊಳ್ಯಾಗ ಅಂಬಿಗನ್ನ ಇಳಸ್ತಾರೇನು?"

"ಅಂಬಿಗನಾ ದೋಣಿಗೆ ತೂತು ಹೊಡದಾನಲ್ರೀ ಅಯ್ಯನೋರ! ಇಳಸಬೇಕು. ಆಪತ್ತಿನಾಗ ತಪ್ಪು ಮಾಡಿದ ದೊಡ್ಡಾವ, ಆ ತಪ್ಪು ಬಯಲಾದ ದಿನಾನ, ದೀಪ ಹಚ್ಚೂದ್ರಾಗ ಕುರ್ಚಿ ಬಿಡಬೇಕು."

"ಆ ಜಾಗದಾಗ ನೀ ಇದ್ರ?"

"ಬಿಡ್ತಿದ್ದೆ! ಬಿಡದಿದ್ರ ಈ ಬಾಕಿನ ಮ್ಯಾಲ ಕೂತು ಪೇಪರ್ ಓದೂದು, ಮಾತಾಡೂದು ಎರಡೂ ಬಂದ್. ಎಲ್ಲಾರೂ ಕೇಳ್ರಿ!"

ಎಲ್ಲರೂ ಕೇಳಿದರು. ಇದು ಸಣ್ಣ ಪಣವಲ್ಲ. ಅಮರಗುಂಡಪ್ಪನಿಗೆ ಒಂದು ಹೊತ್ತಿನ ಊಟ ತಪ್ಪಿದರೂ ನಡೆದೀತು, ಆ ಬಾಕಿನ ಮೇಲಿನ ಮಾತು ತಪ್ಪಿದರೆ ಜೀವವೇ ಹೋದಂತೆ. ಮನೆಯಲ್ಲಂತೂ ಅವನ ಮಾತನ್ನು ಎಮ್ಮೆ ಕೂಡ ಕೇಳುತ್ತಿರಲಿಲ್ಲ.

ಅವನು ಹೆಮ್ಮೆಯಿಂದ ಚಹಾ ಕುಡಿಯುತ್ತಿದ್ದಾಗ ಪಕ್ಕದ ಮನೆಯ ಜಮೀಲಾಬೀ ಖಾಲಿ ಬಾಟಲಿ ಹಿಡಿದು ಬಂದಳು.

"ಗುಂಡಪ್ಪಣ್ಣಾ, ಚಿಮಣಿ ಎಣ್ಣಿ ಮುಗೀತು ಅಂತಾನ ಹುಸೇನ್‌ಸಾಬ್. ಮನಿಗೊಂದು ಬಾಟ್ಲಿ ಅಂತ ನೀನಾ ಹೇಳಿದ್ದಿ. ನನ್ನ ಬಾಟ್ಲಿ ಎಲ್ಲಿ ಹೋತು?"

ಅಮರಗುಂಡಪ್ಪ ಓಣಿಯ ಪಂಚ. ಬಾವಿಕಟ್ಟೆಯ ಜಗಳ, ಗಟಾರದ ತಕರಾರು ಎಲ್ಲ ಅವನ ಪಾಲಿಗೆ. ಲಡಾಯಿಯಿಂದ ಸೀಮೆಎಣ್ಣೆ ಬರುವುದಿಲ್ಲ ಎಂಬ ಗುಲ್ಲು ಎದ್ದಾಗ, ಹುಸೇನ್‌ಸಾಬನ ಅಂಗಡಿಯ ಎಣ್ಣೆಯನ್ನು ಮನೆಗೊಂದು ಬಾಟಲಿಯಂತೆ ಹಂಚಬೇಕೆಂದು ಕಟ್ಟು ಮಾಡಿದವನೂ ಅವನೇ. ಈಗ ಎದ್ದು ನಿಂತು, "ನಡೀರಿ, ಕಳ್ಳ ಯಾರು ನೋಡೇ ಬಿಡೋಣು!" ಎಂದು ಅಂಗಡಿಯಲ್ಲಿದ್ದವರನ್ನೆಲ್ಲ ಹಿಂದೆ ಕಟ್ಟಿಕೊಂಡು ಹೊರಟ.

ಹುಸೇನ್‌ಸಾಬ್ ಇವನನ್ನು ಕಂಡವನೇ ಕಣ್ಣು ಮಿಟುಕಿಸಿದ.

"ಕಣ್ಣೇನು ಮಿಟಕಸ್ತಿ? ಹೆದರಬ್ಯಾಡ. ಎರಡು ಬಾಟ್ಲಿ ಒಯ್ದಾವ ಯಾರೇ ಇರ್ಲಿ, ಹೆಸರು ಹೇಳು."

"ಬ್ಯಾಡ ಬಿಡ್ರೀ ಗುಂಡಪ್ಪನೋರ."

"ಹೇಳ್ತೀಯೋ ಇಲ್ಲೋ?"

"ನೀವಾ ಅಲ್ರೀ! ಸೂಯೆಜ್ ಸುದ್ದಿ ಬಾಳ ಐತಿ, ಸಂಜಿಮುಂದ ಓದಾಕ ದೀಪ ಸಾಲ್ದು ಅಂತ ನಿನ್ನೆ ಎರಡನೇ ಬಾಟ್ಲಿ ಒಯ್ದಿರಲ್ರೀ."

ಅಮರಗುಂಡಪ್ಪನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಪಾಪ, ಅವನು ಅದನ್ನು ಕಳವು ಎಂದುಕೊಂಡಿರಲೇ ಇಲ್ಲ. ಓಣಿಗೆ ಸುದ್ದಿ ಹೇಳಲಿಕ್ಕಾಗಿ ಉರಿಯುವ ಎಣ್ಣೆ ಓಣಿಯದೇ ಲೆಕ್ಕ ಎಂದುಕೊಂಡಿದ್ದ. ಜನ ಹಾಗೆಂದುಕೊಳ್ಳಲಿಲ್ಲ, ಹೊಟ್ಟೆ ಹಿಡಿದು ನಕ್ಕರು. ನಾಚಿಕೆಯಿಂದ ಅವನ ಕಿವಿ ಕೆಂಪಾದವು, ಆದರೆ ಎದೆ ಕುಗ್ಗಲಿಲ್ಲ.

"ನಗಬ್ಯಾಡ್ರಿ. ಆಡಿದ ಮಾತು ಆಡಿದ್ದಾ. ದೀಪ ಹಚ್ಚೂದ್ರಾಗ ನಾ ಇಸ್ತೀಫಾ!"

ಮನೆಗೆ ಓಡಿ ಎಣ್ಣೆಯ ಬಾಟಲಿ ತಂದು ಜಮೀಲಾಬೀಗೆ ಕೊಟ್ಟ. ಇನ್ನು ಉಳಿದದ್ದು ಪಂಚನ ಹುದ್ದೆ ಬಿಡುವುದು. ಆ ಓಣಿಯಲ್ಲಿ ಅದಕ್ಕೊಂದು ಪದ್ಧತಿ ಇತ್ತು. ಬಿಡುವವನು ಎರಡು ಎಲೆ, ಒಂದು ಅಡಿಕೆ ಇನ್ನೊಬ್ಬರ ಕೈಗೆ ಕೊಡಬೇಕು. ಆ ವೀಳ್ಯ ಹಿಡಿದು ಬಾಯಿಗೆ ಹಾಕಿಕೊಂಡವರೇ ಹೊಸ ಪಂಚರು. ಅವರ ಮಾತಿಗೆ ಯಾರೂ ಎದುರಾಡುವಂತಿಲ್ಲ. ಹಿಡಿಯುವವರು ಸಿಗದಿದ್ದರೆ ಹಳಬನೇ ಪಂಚ, ಗೋಳಾಡಿದರೂ ಅಷ್ಟೆ.

ವೀಳ್ಯ ಹಿಡಿದು ಅವನು ಮೊದಲು ಹುಸೇನ್‌ಸಾಬನಿಗೇ ಕೈ ಚಾಚಿದ.

"ತೋಬಾ ತೋಬಾ! ನಾ ಪಂಚ ಆದ್ರ ನನ್ನ ಅಂಗಡಿ ತಪಾಸಣಿ ನಾನಾ ಮಾಡ್ಲೇನು?"

ಜಮೀಲಾಬೀಯಾದರೋ ಬಾಟಲಿ ಸಿಕ್ಕ ಸಂತೋಷದಲ್ಲಿ, "ಮಾಫ್ ಮಾಡೀನಿ ಹೋಗಣ್ಣಾ, ನೀನಾ ಇರು" ಎಂದಳು.

"ಮಾಫಿ ಯಾರಿಗೆ ಬೇಕು? ವೀಳ್ಯ ಹಿಡಿ ತಂಗೀ!" ಎಂದು ಇವನು ಬೆನ್ನು ಹತ್ತಿದರೆ ಅವಳು ಬಾಗಿಲು ಹಾಕಿಕೊಂಡಳು. ಕಟ್ಟೆಯ ಮೇಲೆ ಮಲಗಿದ್ದ ಅದೇ ಓಣಿಯ ಜಂಬಣ್ಣನ ಅಂಗೈ ಬಿಚ್ಚಿತ್ತು. ಮೆಲ್ಲಗೆ ಅದರಲ್ಲಿ ವೀಳ್ಯ ಇಡಲು ಹೋದ. ಜಂಬಣ್ಣ ಗೊರಕೆ ಹೊಡೆಯುತ್ತಲೇ ಮುಷ್ಟಿ ಬಿಗಿದ. ಬಿಸಿಲಿನಲ್ಲಿ ತಿರುತಿರುಗಿ ಎಲೆ ಬಾಡಿತು, ಹೊಸ ಎಲೆ ಕೊಂಡ. ಅದೂ ಬಾಡಿತು. ಬಾವಿಯ ಜಗಳ ಬಿಡಿಸಿ ಎರಡೂ ಕಡೆಯಿಂದ ಬೈಸಿಕೊಳ್ಳುವ ಹುದ್ದೆ ಯಾರಿಗೆ ಬೇಕು ಹೇಳಿ?

"ಅದಕ್ಕಾ ನಾ ಅಂದದ್ದು" ಎಂದ ಕರಿಬಸಯ್ಯ, ಬಾಕು ಒರೆಸುತ್ತ. "ಪಾಪ, ಆ ವಜೀರಗೂ ವೀಳ್ಯ ಹಿಡಿಯಾವ ಸಿಕ್ಕಿರಾಕಿಲ್ಲ. ಹೊತ್ತು ಇಳ್ಯಾಕತ್ತೈತಿ ಗುಂಡಪ್ಪ. ನಾಳಿಂದ ಪೇಪರ್ ನಾ ಓದ್ತೀನಿ, ನೀ ಕೇಳಾಕೂ ಬರಬ್ಯಾಡ."

ಆ ಮಾತು ಚುಚ್ಚಿದಷ್ಟು ಕಳ್ಳನೆಂಬ ಮಾತೂ ಚುಚ್ಚಿರಲಿಲ್ಲ. ಸೋತು ಮನೆಗೆ ಬಂದು ಹೊಸ್ತಿಲ ಮೇಲೆ ಕೂತ. ಹೆಂಡತಿ ವೀರಭದ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಮದುವೆಯಾದ ಮೇಲೆ ಅಷ್ಟು ಶ್ರದ್ಧೆಯಿಂದ ಅವಳು ಅವನ ಮಾತು ಕೇಳಿದ್ದು ಅದೇ ಮೊದಲು.

"ಇಷ್ಟಕ್ಕಾ ಹಿಂಗ ಕುಂತೀರೇನು? ತರ್ರಿ ಇಲ್ಲಿ" ಎಂದು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ಚಾಚಿದಳು.

"ನೀನಾ? ಹೆಂಗಸ್ರು ಹಿಡೀತಾರೇನು?"

"ಹಿಡೀಬಾರ್ದು ಅಂತ ಯಾರಾರ ಅಂದಾರೇನು?"

ಯಾರೂ ಅಂದಿರಲಿಲ್ಲ. ಯಾರಿಗೂ ಅದು ಹೊಳೆದೇ ಇರಲಿಲ್ಲ. ವೀರಭದ್ರಮ್ಮ ವೀಳ್ಯ ಹಿಡಿದಳು, ಬಾಯಿಗೆ ಹಾಕಿ ಜಗಿದಳು.

ಅಮರಗುಂಡಪ್ಪ ಕುಣಿಯುತ್ತ ಹೋಗಿ ಓಣಿಯನ್ನೆಲ್ಲ ಬಾವಿಕಟ್ಟೆಗೆ ಕರೆತಂದ. ಹೇಗೋ ಒಬ್ಬರು ಸಿಕ್ಕರಲ್ಲ ಎಂದು ಗಂಡಸರು ಒಪ್ಪಿದರು. ಹೆಂಗಸರು ಖುಷಿಯಿಂದಲೇ ಒಪ್ಪಿದರು. ಕರಿಬಸಯ್ಯ ಮುಂದೆ ಬಂದು ಅವನ ಹೆಗಲು ತಟ್ಟಿದ.

"ಗೆದ್ದಿ ಗುಂಡಪ್ಪ. ಮಾತಿನಂಗ ನಡದಿ. ಬಾಕು ನಿಂದಾ, ಪೇಪರ್ ನಿಂದಾ."

ಮನೆಮನೆಯಲ್ಲಿ ದೀಪ ಹತ್ತುತ್ತಿದ್ದವು. ಅಮರಗುಂಡಪ್ಪನ ಕಣ್ಣಲ್ಲಿ ನೀರು ಬಂತು. ಬಿಲಾಯತಿಯ ವಜೀರನಿಂದ ಆಗದ್ದು ತನ್ನಿಂದ ಆಯಿತು! ಎಲ್ಲರೂ ಹೊರಡಬೇಕೆನ್ನುವಾಗ ವೀರಭದ್ರಮ್ಮ ಕಟ್ಟೆ ಏರಿ ನಿಂತಳು.

"ನಿಲ್ರಿ, ಪಂಚಾಯ್ತಿ ಮುಗಿದಿಲ್ಲ. ಇಸ್ತೀಫಾ ಕೊಟ್ರ ಕುರ್ಚಿ ಹೋತು. ತಪ್ಪು ಹೋತೇನು?"

"ಇಲ್ಲ!" ಎಂದರು ಹೆಂಗಸರು.

"ಪೇಪರ್ ಸಲುವಾಗಿ ಎಣ್ಣಿ ಒಯ್ದಾರ. ಉಗಾದಿ ತನಕ ಇವ್ರು ಚಹಾದಂಗಡಿ ಮೆಟ್ಲಾ ಹತ್ತಂಗಿಲ್ಲ. ಪೇಪರ್ ಓದೂ ಹೊತ್ತಿಗೆ ಜಮೀಲಾಬೀ ಮನಿಗೆ ನೀರು ಸೇದಿ ಹಾಕ್ಬೇಕು."

ಅಮರಗುಂಡಪ್ಪ ಕರಿಬಸಯ್ಯನ ಕಡೆ ತಿರುಗಿದ. ಕರಿಬಸಯ್ಯ ಆಕಾಶ ನೋಡಿದ.

"ವೀಳ್ಯ ಹಿಡಿದವರ ಮಾತು, ಗುಂಡಪ್ಪ. ನಾ ಏನು ಮಾಡ್ಲಿ?"

"ಇದು ಅನ್ಯಾಯ!" ಎಂದು ಅಮರಗುಂಡಪ್ಪ ಕೂಗಿದ. "ಲೇ ವೀರಭದ್ರಿ, ಗಂಡಗ ಇಂಥಾ ಶಿಕ್ಷಾ ಕೊಡೋ ಪಂಚರು ಇರಬಾರ್ದು. ನೀ ಇಸ್ತೀಫಾ ಕೊಡು!"

ವೀರಭದ್ರಮ್ಮ ಸಿಟ್ಟಾಗಲಿಲ್ಲ. ಸೊಂಟದ ಸಂಚಿಯಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಗಂಡನ ಕೈಗೆ ಇಡದೆ, ಕಟ್ಟೆಯ ಮೇಲೆ ಇಟ್ಟಳು.

"ತಪ್ಪು ಮಾಡಿದೋರು ಮುಟ್ಟಂಗಿಲ್ಲ. ಬ್ಯಾರೆ ಯಾರಾರ ಹಿಡಿಯೋರಿದ್ರ ಹುಡಿಕ್ಕೊಂಡು ಬರ್ರಿ, ಈಗಿಂದೀಗ ಬಿಡ್ತೀನಿ. ಅಲ್ಲೀತನಕ ಕೊಡ ತಗೋರಿ."

ಅಮರಗುಂಡಪ್ಪ ಸುತ್ತಲೂ ನೋಡಿದ. ಆಮೇಲೆ ಕೊಡ ತಗೊಂಡ.