ಎಂಟು ಸಾವಿರ ಹೆಜ್ಜೆಯ ವಾಚು

ತಿಪಟೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನಿಗೆ ಮೊಬೈಲಿನ ತೊಂದರೆ ಕಡಿಮೆ, ಅದನ್ನು ತರುವವರದೇ ಹೆಚ್ಚು. ಅಗ್ಗದ ಸ್ಮಾರ್ಟ್‌ವಾಚುಗಳು ಬಂದ ಮೇಲಂತೂ ದಿನವೂ ಒಂದೊಂದು ನಾಟಕ.

೧. ಪುಕ್ಕಟೆ ಅಂದರೆ ಅನುಮಾನ

ಶೆಟ್ಟಿಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಹೊಸ ವಾಚು ತಂದರು. ದಿನಕ್ಕೆ ಎಂಟು ಸಾವಿರ ಹೆಜ್ಜೆ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ನಡೆಯದಿದ್ದರೆ ಯುಗಾದಿಗೆ ಒಬ್ಬಟ್ಟಿಲ್ಲ ಎಂದು ಹೆಂಡತಿ ಹೇಳಿದ್ದರು. ಅವರು ಹೆದರಿದ್ದು ಎರಡನೆಯದಕ್ಕೆ.

ವಾಚಿನ ಕಂಪನಿಯ ಆ್ಯಪು ಗಂಟೆ ಎಷ್ಟೆಂದು ಹೇಳುವ ಮೊದಲೇ ಫೋಟೋ, ನೆಂಟರ ನಂಬರು, ಇರುವ ಜಾಗ ಎಲ್ಲ ಕೇಳಿತು. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ನನಗೆ ಮೈಯೆಲ್ಲ ಉರಿದು, ಅದನ್ನು ಕಿತ್ತುಹಾಕಿ ಓಪನ್ ಸೋರ್ಸ್ ಆ್ಯಪು ಹಾಕಿಕೊಟ್ಟೆ.

"ಇದು ಪುಕ್ಕಟೆ ಅಣ್ಣ. ಹೆಂಗೆ ಮಾಡವ್ರೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು."

"ಹಂಗಾದ್ರೆ ನನ್ನ ಎದೆ ಬಡಿತಾನೂ ಊರೋರೆಲ್ಲ ನೋಡ್ತಾರಾ?"

"ಇಲ್ಲ. ಸಾರು ಮಾಡೋದು ಹೆಂಗೆ ಅಂತ ಊರಿಗೆಲ್ಲ ಗೊತ್ತು. ನಿಮ್ಮ ಸಾರು ನಿಮ್ಮ ಮನೇಲೇ ಇರ್ತದೆ."

"ಇರ್ಲಿ ಬುಡು. ಉಪ್ಪಿಲ್ಲದ ಸಾರು, ಯಾರೂ ಕದಿಯಾಕಿಲ್ಲ."

೨. ವಾಚೆಲ್ಲಿ?

ಹದಿನೈದು ದಿನ ಬಿಟ್ಟು ಬಂದು ಫೋನು ತೋರಿಸಿದರು. ದಿನಕ್ಕೆ ಇಪ್ಪತ್ತು ಸಾವಿರ ಹೆಜ್ಜೆ! ಹೊಟ್ಟೆ ಮಾತ್ರ ಇದ್ದ ಹಾಗೇ ಇತ್ತು. ಕೈ ನೋಡಿದರೆ ಖಾಲಿ.

"ವಾಚೆಲ್ಲಿ ಅಣ್ಣ?"

"ನಡೀತಾ ಐತೆ ಕಣಪ್ಪ."

ಕಾಯಿ ಸುಲಿಯುವವನ ಕೈಗೆ ಕಟ್ಟಿ ಬಂದಿದ್ದರು. ಅವನು ನಿಂತಲ್ಲೇ ನಿಂತು ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಸುಲಿಯುತ್ತಾನೆ. ಕೈ ಆಡಿದ್ದನ್ನೆಲ್ಲ ವಾಚು ಹೆಜ್ಜೆ ಎಂದು ನಂಬುತ್ತದೆ. ಆ ಬೆಲೆಯ ವಾಚಿಗೆ ಅಷ್ಟೇ ಬುದ್ಧಿ.

೩. ಅಕ್ಕ ಬಂದರು

ಯುಗಾದಿಗೆ ಎರಡು ದಿನ ಇದೆ ಎನ್ನುವಾಗ ಅವರ ಹೆಂಡತಿಯೇ ಗಂಡನನ್ನೂ ಫೋನನ್ನೂ ಕರೆದುಕೊಂಡು ಅಂಗಡಿಗೆ ಬಂದರು. ಕಂಪನಿಯ ಆ್ಯಪಾಗಿದ್ದರೆ ಒಂದು ಪದಕದ ಚಿತ್ರ ತೋರಿಸಿ ಸುಮ್ಮನಾಗುತ್ತಿತ್ತು. ನಾನು ಹಾಕಿದ್ದು ಗಂಟೆ ಗಂಟೆಯ ಹೆಜ್ಜೆಯನ್ನೂ ಬಿಡಿಸಿಟ್ಟಿತ್ತು.

"ಮಧ್ಯಾಹ್ನ ಎರಡರಿಂದ ಮೂರರವರೆಗೆ ನಾಕು ಸಾವಿರ ಹೆಜ್ಜೆ! ಆಗ ಇವ್ರು ಜಗಲಿ ಮೇಲೆ ಗೊರಕೆ ಹೊಡೀತಿದ್ರು," ಎಂದರು ಅಕ್ಕ.

"ವಾಚೇ ಸುಳ್ಳು ಹೇಳ್ತದೆ ಕಣೇ!" ಎಂದು ವ್ಯಾಪಾರಿ ಚೀಲದಿಂದ ವಾಚನ್ನೂ ಒಂದು ತೆಂಗಿನಕಾಯಿಯನ್ನೂ ತೆಗೆದು, ಕಾಯಿಗೆ ವಾಚು ಒತ್ತಿ ಹಿಡಿದರು. ಕಾಯಿಯ ಎದೆ ಬಡಿತ ಎಪ್ಪತ್ತೆರಡು ಎಂದು ಬಂತು.

"ವಾಚು ಸುಳ್ಳಾದ್ರೆ ಆಗ್ಲಿ. ಗೊರಕೆ ನನ್ನ ಕಿವೀಲೇ ಕೇಳಿದೀನಿ, ವಾಚು ಯಾರ ಕೈಲಿತ್ತು ಅಂತಾನೂ ನೋಡಿದೀನಿ. ಒಬ್ಬಟ್ಟು ಮಾಡ್ತೀನಿ, ಕಾಯಿ ಸುಲಿಯೋನ ಮನೆಗೆ ಕಳಿಸ್ತೀನಿ. ನಡೆದೋನು ಅವ್ನೇ ತಾನೆ?"

ವ್ಯಾಪಾರಿ ನನ್ನ ಕಡೆ ತಿರುಗಿದರು. ಆ ಮುಖ ನೋಡಿ ನಿಜಕ್ಕೂ ಪಾಪ ಅನ್ನಿಸಿತು.

"ಆ ಕಂಪನಿ ಆ್ಯಪೇ ವಾಸಿಯಾಗಿತ್ತು ಕಣಪ್ಪ. ನನ್ನ ಗುಟ್ಟು ಯಾವ ದೇಶಕ್ಕೆ ಹೋದ್ರೂ ನಮ್ಮನೆ ಅಡುಗೆಮನೆಗೆ ಹೋಗ್ತಿರ್ಲಿಲ್ಲ!"